ಮಧ್ಯಾಹ್ನದ ವರತಿ

ಪದ್ಮಕ್ಕಾ, ನಮ್ಮ ಹಳ್ಳದಲ್ಲಿ ಬೇಸಿಗೆಯಲ್ಲೂ ನೀರಿತ್ತು. ಅದು ನನಗೆ ಗೊತ್ತಿತ್ತು. ಸಾಹೇಬರು ಕೇಳಿದಾಗ ಹೇಳಲಿಲ್ಲ.

ಹೇಳಬೇಕಾದದ್ದು ಇಷ್ಟೇ. ಇದಕ್ಕೆ ಇಷ್ಟು ವರ್ಷ ಯಾಕೆ ಬೇಕಾದವೋ — ಕಟ್ಟೆಯ ಮೇಲೆ ಕೂತು ಊರಿಗೆಲ್ಲ ಕಥೆ ಹೇಳುವವನು ನಾನು, ಮಾತಿಗೆ ಬರವಿದ್ದವನಲ್ಲ. ನೀನೀಗ ಬೋರಗಾಂವದಲ್ಲಿ ಮಗಳ ಮನೆಯಲ್ಲಿದ್ದೀ, ಕಣ್ಣು ಮಂಜಾಗಿವೆಯಂತೆ. ಯಾರಾದರೂ ಇದನ್ನು ನಿನಗೆ ಓದಿ ಹೇಳಲಿ. ಓದುವವರಿಗೂ ತಿಳಿಯಬೇಕಲ್ಲ, ಅದಕ್ಕೆ ಬುಡದಿಂದ ಹೇಳುತ್ತೇನೆ.

ರಾಯಬಾಗದಿಂದ ಚಿಕ್ಕೋಡಿಯ ದಿಕ್ಕಿಗೆ ಹೊರಟರೆ ಕಬ್ಬಿನ ಹೊಲ ಮುಗಿದು ಕರಿಕಲ್ಲಿನ ದಿನ್ನೆ ಶುರುವಾಗುವಲ್ಲಿ ನಮ್ಮೂರು. ದಿನ್ನೆಯ ಬುಡಕ್ಕೆ ಹಳ್ಳ. ದೀಪಾವಳಿ ಕಳೆದರೆ ಮೇಲಿನ ಹರಿವು ನಿಲ್ಲುತ್ತಿತ್ತು. ಉಸುಕಿನ ಕೆಳಗೆ ಮಾತ್ರ ನೀರು ನಡೆದೇ ಇರುತ್ತಿತ್ತು. ಮೊಳದುದ್ದ ತೋಡಿದರೆ ಒಸರುತ್ತಿತ್ತು. ಆ ಗುಂಡಿಗೇ ನಾವು ವರತಿ ಅನ್ನುವುದು. ಮನೆಗೊಂದು ವರತಿ. ಬೆಳಗ್ಗೆ ಚರಿಗೆಯಿಂದ ತಳ ಕಾಣುವ ತನಕ ಬಳಿದು ಕೊಡ ತುಂಬುವುದು, ಮೇಲೆ ಜಾಲಿಮುಳ್ಳು ಮುಚ್ಚುವುದು. ಆಮೇಲೆ ಸಂಜೆಯವರೆಗೆ ಯಾರೂ ಅದನ್ನು ಮುಟ್ಟುವಂತಿಲ್ಲ — ತುಂಬಿಕೊಳ್ಳಲು ಅದಕ್ಕೆ ಅಷ್ಟು ಹೊತ್ತು ಬೇಕು. "ಕೂಸು ಮಲಗೈತಿ, ಎಬ್ಬಸಬ್ಯಾಡ್ರಿ" ಅನ್ನುತ್ತಿದ್ದಳು ನಮ್ಮಜ್ಜಿ.

ನಿಮ್ಮದು ಜೈನರ ಮನೆ. ನೀನು ಹೊತ್ತು ಹುಟ್ಟಿದ ಮೇಲೆ ಬರುತ್ತಿದ್ದೆ. ಕೊಡದ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದೆ. ಸೋಸಿಯಾದ ಮೇಲೆ ಆ ಬಟ್ಟೆಯನ್ನು ಮಗುಚಿ, ಒಂದಿಷ್ಟು ನೀರು ಹನಿಸಿ, ಅದರಲ್ಲಿ ಸಿಕ್ಕ ಕಣ್ಣಿಗೆ ಕಾಣದ ಜೀವಗಳನ್ನು ಅದೇ ವರತಿಗೆ ಬಿಡುತ್ತಿದ್ದೆ. ಎಲ್ಲಿಂದ ತಂದೆವೋ ಅಲ್ಲಿಗೇ ಬಿಡಬೇಕು ಅನ್ನುತ್ತಿದ್ದೆ. ನಾವು ಹುಡುಗರಿದ್ದಾಗ ನಗುತ್ತಿದ್ದೆವು. ನೀನೂ ನಗುತ್ತಿದ್ದೆ.

ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ದಿನ್ನೆಯ ಮೇಲೆ ಖಡಿ ಕಂಪನಿ ಬಂತು. ಬಂಡೆ ಒಡೆದು, ಮಶೀನಿಗೆ ಹಾಕಿ, ರಸ್ತೆಗೆ ಖಡಿ ಮಾಡುವ ಕಂಪನಿ. ಉಳಿದ ಮುರುಮು, ಕಲ್ಲಿನ ಹಿಟ್ಟು ಎಲ್ಲ ಹಳ್ಳದ ದಂಡೆಗೆ ಸುರಿದರು. ನೀನು ಅರ್ಜಿ ಹಾಕಿದೆ. ಹಳ್ಳದ ಹತ್ತಿರ ಸುರಿಯಬಾರದು ಎಂದು ಸರ್ಕಾರದಿಂದ ನೋಟೀಸೂ ಬಂತು. ಕಂಪನಿಯವರು ಒಪ್ಪಲಿಲ್ಲ. ಇದು ಹಳ್ಳವೇ ಅಲ್ಲ, ಮಳೆ ನೀರಿನ ಕೊರಕಲು, ಹಳ್ಳದ ಕಾಯ್ದೆ ಇದಕ್ಕೆ ತಾಗುವುದಿಲ್ಲ ಎಂದು ವಾದ ಹೂಡಿದರು. ಸರ್ಕಾರದ ಸಾಹೇಬರು ಬಂದು ಕಣ್ಣಾರೆ ನೋಡಿ ತೀರ್ಮಾನಿಸುವುದೆಂದಾಯಿತು.

ಇಲ್ಲಿ ಸಾವಂತನ ಮಾತು ಬರುತ್ತದೆ. ಕಂಪನಿಯ ಮ್ಯಾನೇಜರ, ಕೊಲ್ಹಾಪುರದ ಕಡೆಯವನು. ಸಂಜೆ ಜೀಪು ನಿಲ್ಲಿಸಿ ನನ್ನ ಕಟ್ಟೆಗೆ ಬಂದು ಕೂಡುತ್ತಿದ್ದ. ನಾನು ಅಜ್ಜ ಹೇಳಿದ ಕಥೆ ಹೇಳುತ್ತಿದ್ದೆ. ನಡುವೆ ಉಸಿರು ತೆಗೆದುಕೊಂಡರೆ ಸಾಕು, "ಮಗ್ ಪುಢೇ, ಅಣ್ಣಾ?" ಅನ್ನುವನು — ಆಮೇಲೆ ಮುಂದೇನು ಎಂದು. ನಮ್ಮ ಮನೆಯವರಿಗೆ ನನ್ನ ಕಥೆ ಕೇಳಿ ಕೇಳಿ ಸಾಕಾಗಿತ್ತು. ಇವನು ಕೇಳಿದ. ಒಂದು ಸಂಜೆ ನಾನೇ ವರತಿಯ ಕಥೆ ಹೇಳಿದೆ. ಬೆಳಗ್ಗೆ ಬಳಿಯುವುದು, ಮುಳ್ಳು ಮುಚ್ಚುವುದು, ಮಧ್ಯಾಹ್ನ ಬರೀ ಹಸಿ ಉಸುಕು ಇರುವುದು, ಸಂಜೆಗೆ ತುಂಬುವುದು — ಅಜ್ಜಿಯ ದನಿಯಲ್ಲೇ. ಅವನು ಬಹಳ ನಕ್ಕ.

ಸಾಹೇಬರನ್ನು ಅವನು ಕರೆತಂದದ್ದು ಮಟಮಟ ಮಧ್ಯಾಹ್ನ.

ಅವರು ಜೀಪು ಇಳಿಯುವಾಗಲೇ ನನಗೆ ತಿಳಿಯಿತು, ಈ ಹೊತ್ತು ಅವನಿಗೆ ನನ್ನ ಕಥೆಯಿಂದಲೇ ಸಿಕ್ಕದ್ದು.

ನೀನು ಮುಳ್ಳು ಸರಿಸಿದೆ. ಸಾಹೇಬರು ಬಗ್ಗಿ ನೋಡಿದರು. ಹಸಿ ಉಸುಕು.

"ಎಲ್ಲೈತ್ರಿ ಬಾಯಾರ, ನೀರು?"

"ಉಂಡು ಕೈ ತೊಳದ ಮ್ಯಾಲ ಬಂದು, ಬುಟ್ಟ್ಯಾಗ ರೊಟ್ಟಿ ಇಲ್ಲ ಅಂದ್ರ ಹ್ಯಾಂಗ್ರಿ ಸಾಹೇಬ್ರ?" ಅಂದೆ ನೀನು. "ಸಂಜೀತನಕ ಕುಂಡರ್ರಿ. ತುಂಬತೈತಿ. ನಾನ ಚಾ ಮಾಡಿ ಕೊಡ್ತೀನಿ, ಇದರ ನೀರಾಗ."

ಜನ ನಕ್ಕರು. ಸಾಹೇಬರೂ ನಕ್ಕು ಗಡಿಯಾರ ನೋಡಿಕೊಂಡರು. ಸಾಕ್ಷಿಗೆಂದು ಕರೆದ ಪಂಚರಲ್ಲಿ ಹಿರಿಯನೆಂದು ನನ್ನನ್ನು ನಿಲ್ಲಿಸಿದ್ದರು. ನನ್ನ ಕಡೆ ತಿರುಗಿದರು.

"ಏನ್ರಿ ಹಿರ್ಯಾರ, ಈ ಹಳ್ಳ ಯಾವಾಗ ಹರೀತೈತಿ? ನೀವ ಹೇಳ್ರಿ."

"ಮಳಿಗಾಲದಾಗ ಅಷ್ಟ ಹರೀತೈತ್ರಿ."

ಸುಳ್ಳಲ್ಲ. ಮೇಲಿನ ಹರಿವಿನ ಮಟ್ಟಿಗೆ ಸುಳ್ಳಲ್ಲ — ಎಷ್ಟೋ ವರ್ಷ ಹೀಗೆಂದುಕೊಂಡೇ ನಿದ್ದೆ ಮಾಡಿದ್ದೇನೆ. ನೀನು ನನ್ನ ಮುಖ ನೋಡುತ್ತ ನಿಂತಿದ್ದೆ. ಕಾಯುತ್ತಿದ್ದೆ. ಯಾವ ಕಥೆಯನ್ನೂ ನಾನು ಅರ್ಧಕ್ಕೆ ಬಿಟ್ಟವನಲ್ಲ ಎಂದು ನಿನಗೆ ಗೊತ್ತಿತ್ತು.

"ಮುಂದ ಹೇಳೋ, ಬಾಳ್ಯಾ" ಅಂದೆ ನೀನು.

ಸಾವಂತ ಅಂದು ಮುಂದೇನೆಂದು ಕೇಳಲಿಲ್ಲ. ಜೀಪಿನ ಬಾಗಿಲು ತೆರೆದು ಹಿಡಿದುಕೊಂಡಿದ್ದ. ನಾನು ಪಂಚನಾಮೆಗೆ ಸಹಿ ಮಾಡಿದೆ.

ಅವನು ನನಗೆ ಏನೂ ಕೊಡಲಿಲ್ಲ, ಪದ್ಮಕ್ಕಾ. ಬೆದರಿಸಲೂ ಇಲ್ಲ. ಕಥೆ ಕೇಳಿದ. ನಿಜ ಹೇಳಿದರೆ ಮರುದಿನ ಸಂಜೆ ಕಟ್ಟೆಗೆ ಬರಲಿಕ್ಕಿಲ್ಲ ಅನ್ನಿಸಿತೋ ಏನೋ — ಆ ಕ್ಷಣ ಎಷ್ಟು ಕೆದಕಿದರೂ ಬೇರೇನೂ ಸಿಗುವುದಿಲ್ಲ.

ಅವನು ಆಮೇಲೆ ಬರಲೂ ಇಲ್ಲ.

ಕೊರಕಲು ಎಂದು ಬರೆದುಕೊಂಡು ಹೋದರು. ಕಲ್ಲಿನ ಹಿಟ್ಟು ದಂಡೆ ದಾಟಿ ಹಳ್ಳಕ್ಕೇ ಬಿತ್ತು. ಮರುವರ್ಷ ಬೇಸಿಗೆಯಲ್ಲಿ ಹೆಂಗಸರು ತೊಡೆಯುದ್ದ ತೋಡಿದರೂ ಬೂದಿಬಣ್ಣದ ಕೆಸರೇ ಬಂತು. ಕಂಪನಿಯವರು ಊರೊಳಗೆ ಬೋರಿಂಗು ಹಾಕಿಸಿಕೊಟ್ಟರು. ನೀರಿಗೆ ಕೊರತೆಯಾಗಲಿಲ್ಲ. ಜನ ಖುಷಿಯಾದರು.

ಒಂದು ಬೆಳಗ್ಗೆ ನೀನು ಆ ಬೋರಿಂಗಿನ ಹತ್ತಿರ ಒದ್ದೆ ಬಟ್ಟೆ ಹಿಡಿದು ನಿಂತಿದ್ದೆ. ನೀರು ಸೋಸಿಯಾಗಿತ್ತು. ಕಬ್ಬಿಣದ ಕೊಳವೆ ಕೊಡುತ್ತದೆ, ತಿರುಗಿ ತೆಗೆದುಕೊಳ್ಳುವುದಿಲ್ಲ.

"ಇವನ್ನ ಎಲ್ಲಿ ಬಿಡ್ಲೋ, ತಮ್ಮಾ?" ಅಂತ ನನ್ನನ್ನೇ ಕೇಳಿದೆ.

"ಗಟಾರಕ್ಕ ಬಿಡು, ಏನಾಗತೈತಿ" ಅಂದೆ ನಾನು.

ನೀನು ಬಟ್ಟೆಯನ್ನು ಅಂಗೈಯಲ್ಲಿ ಮಡಚಿಕೊಂಡು ಹಳ್ಳದ ಕಡೆ ನಡೆದೆ. ನಿನ್ನ ವರತಿ ಇದ್ದ ಜಾಗದಲ್ಲಿ ಬಗ್ಗಿ ಆ ಬೂದಿಬಣ್ಣದ ಕೆಸರಿನ ಮೇಲೆ ಹನಿಸಿದೆ. ಮರುದಿನವೂ ಹೋದೆ. ಊರು ಬಿಡುವ ತನಕ ಹೋಗುತ್ತಲೇ ಇದ್ದೆ. ನಾನು ಕಟ್ಟೆಯ ಮೇಲಿಂದ ನೋಡುತ್ತಿದ್ದೆ. ಕರೆಯಲಿಲ್ಲ.

ಕಲ್ಲು ಮುಗಿದ ಮೇಲೆ ಕಂಪನಿ ಹೋಯಿತು. ಈಗಲೂ ಕಟ್ಟೆಗೆ ಯಾರಾದರೂ ಬಂದು ವರತಿಯ ಕಥೆ ಹೇಳು ಅಂದರೆ ಹೇಳುತ್ತೇನೆ. ಸಂಜೆಗೆ ತುಂಬಿತು ಎನ್ನುವಲ್ಲಿಗೆ ನಿಲ್ಲಿಸುತ್ತೇನೆ.

ಬರುವ ವಾರ ಬೋರಗಾಂವಕ್ಕೆ ಬರುತ್ತೇನೆ. ಕ್ಷಮೆ ಕೇಳುವುದಕ್ಕಲ್ಲ, ಅದನ್ನು ನಾನು ಕೇಳುವ ಹಾಗಿಲ್ಲ. ಅಂದು ನೀನು ಮುಂದೆ ಹೇಳು ಅಂದಿದ್ದೆ, ಅದನ್ನು ನಿನ್ನ ಮುಂದೆ ನಿಂತು ಹೇಳಬೇಕು: ಮ್ಯಾಲ ಮಳಿಗಾಲದಾಗ ಅಷ್ಟ ಹರೀತೈತ್ರಿ ಸಾಹೇಬ್ರ, ಉಸುಕಿನ ಕೆಳಗ ವರ್ಷಪೂರ್ತಿ ಹರೀತೈತಿ. ಈ ಅಕ್ಕ ಹೇಳೂದು ಖರೇ ಐತಿ. ಸಂಜೀತನಕ ಕುಂಡರ್ರಿ.