ಕ್ಯಾಮಿಲಸ್ ನಡೆಯದ ಬೆಟ್ಟ

ಮೊರಾಕ್ಕೊದ ಅಟ್ಲಾಸ್ ಬೆಟ್ಟದಲ್ಲಿ ಯಾವ ಹಳ್ಳಿ ಆದಮೇಲೆ ಯಾವ ಹಳ್ಳಿ ಬರುತ್ತದೆ, ಎಲ್ಲಿ ಉಸಿರು ಕಟ್ಟುವ ಏರು, ಎಲ್ಲಿ ಹೇಸರಗತ್ತೆ ಕಾಲು ಜಾರುತ್ತದೆ, ಯಾರ ಮನೆಯ ರೊಟ್ಟಿ ಚೆನ್ನ, ಎಲ್ಲವನ್ನೂ ಕ್ಯಾಮಿಲಸ್ ಡಿಸೋಜ ಕುರ್ಚಿ ಬಿಟ್ಟೇಳದೆ ಹೇಳುತ್ತಿದ್ದರು. ಆ ಕುರ್ಚಿ ಇದ್ದದ್ದು ಅಬುಧಾಬಿಯ ಖಾಲಿದಿಯಾದಲ್ಲಿ, ಒಂದು ಸಣ್ಣ ಟ್ರಾವೆಲ್ ಏಜೆನ್ಸಿಯಲ್ಲಿ. ಪಕ್ಕದ ಮೇಜಿನಲ್ಲಿ ಕೂತು ಟಿಕೆಟ್ ಮಾಡುತ್ತಿದ್ದವಳು ನಾನು.

ಬರ್ಬರ್ ಜನರ ಹಳ್ಳಿಗಳ ನಡುವೆ ಆರು ದಿನ ನಡೆಯುವ ಪ್ರವಾಸಕ್ಕೆ ಗಿರಾಕಿಗಳನ್ನು ಕಳಿಸುವುದು ಅವರ ಪಾಲಿನ ಕೆಲಸ. ಅಲ್ಲಿನ ಗೈಡ್ ಲಹ್ಸೆನ್ ಜೊತೆ ಎಂಟು ವರ್ಷದಿಂದ ಫ್ಯಾಕ್ಸಿನಲ್ಲೇ ಸ್ನೇಹ. ಬುಕಿಂಗ್ ವಿಷಯ ಒಂದು ಸಾಲಾದರೆ ಹಿಮ ಕರಗಿತೇ, ಅಕ್ರೋಟಿನ ಮರ ಚಿಗುರಿತೇ, ಮಗಳ ಜ್ವರ ಬಿಟ್ಟಿತೇ ಎಂಬುದು ಹತ್ತು ಸಾಲು. ಮ್ಯಾನೇಜರ್ ಗೊಣಗುತ್ತಿದ್ದ. ಇವರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

"ನೀವು ಹೋಗಿದ್ದೀರಾ?" ಎಂದು ಗಿರಾಕಿಗಳು ಕೇಳಿಯೇ ಕೇಳುತ್ತಿದ್ದರು. ನಮ್ಮ ಕಸುಬಿನಲ್ಲಿ ಇದಕ್ಕೆ ಹೌದು ಅನ್ನುವುದೇ ವಾಡಿಕೆ. ಕಾಣದ ಊರಿನ ಹೋಟೆಲನ್ನು ಕಣ್ಣಾರೆ ಕಂಡವಳ ಹಾಗೆ ವರ್ಣಿಸಿ ನಾನೂ ಎಷ್ಟೋ ಮಾರಿದ್ದೇನೆ. ಕ್ಯಾಮಿಲಸ್ ಮಾತ್ರ ನಮ್ಮ ಕಡೆಯವರು ಬಂದರೆ, "ಇಲ್ಲ ಮಾರಾಯ್ರೆ, ನಾನು ಹೋದದ್ದಿಲ್ಲ. ಆದ್ರೆ ಕೇಳಿ, ಹೇಳ್ತೇನೆ," ಅನ್ನುತ್ತಿದ್ದರು. ಉಳಿದವರಿಗೆ ಅದನ್ನೇ ಇಂಗ್ಲಿಷಿನಲ್ಲಿ. ಜನ ಅದಕ್ಕೇ ಅವರನ್ನು ನಂಬುತ್ತಿದ್ದರು.

ತೊಂಬತ್ತೊಂಬತ್ತರ ಜನವರಿಯಲ್ಲಿ ಒಂದು ಆಸ್ಪತ್ರೆಯ ಹತ್ತು ಜನ ಒಟ್ಟಿಗೆ ಮೇ ತಿಂಗಳಿಗೆ ಹೆಸರು ಕೊಟ್ಟರು. ಹತ್ತು ಜನರ ಗುಂಪಾದರೆ ನಮ್ಮ ಕಡೆಯಿಂದ ಒಬ್ಬರು ಜೊತೆಗೆ ಹೋಗಬಹುದಿತ್ತು. ಮ್ಯಾನೇಜರ್ ಅಪರೂಪಕ್ಕೆ ಮನುಷ್ಯನಾಗಿ, "ಈ ಸಲ ನೀನೇ ಹೋಗು," ಎಂದ. ನಲವತ್ತೇಳು ವರ್ಷದ ಆ ಗಂಡಸು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದದ್ದನ್ನು ನಾನು ನೋಡಿದೆ. ಮಾರನೇ ದಿನವೇ ದಪ್ಪ ಅಟ್ಟೆಯ ಬೂಟು ಬಂತು. ಸಂಜೆ ಹೊತ್ತು ಬೆನ್ನಿಗೆ ಅಕ್ಕಿ ಚೀಲ ಕಟ್ಟಿಕೊಂಡು ತಮ್ಮ ಬಿಲ್ಡಿಂಗಿನ ಹದಿನಾಲ್ಕು ಮಹಡಿ ಮೆಟ್ಟಿಲು ಹತ್ತಿ ಇಳಿಯತೊಡಗಿದರು. ವಾಚ್‌ಮನ್ ಇವರಿಗೆ ತಲೆ ಕೆಟ್ಟಿದೆ ಎಂದೇ ತಿಳಿದಿದ್ದ.

ಫೆಬ್ರವರಿಯಲ್ಲಿ ನಮ್ಮ ಡ್ರೈವರ್ ಶೀನಪ್ಪನಿಗೆ ರಜೆ ಸಿಕ್ಕಿತು. ನಮ್ಮಲ್ಲಿ ಎಲ್ಲರ ಪಾಸ್‌ಪೋರ್ಟೂ ಮ್ಯಾನೇಜರನ ಬೀರುವಿನಲ್ಲಿ. ಯಾರಾದರೂ ರಜೆಗೆ ಹೊರಟರೆ ಇನ್ನೊಬ್ಬರು ಜಾಮೀನಿಗೆ ಸಹಿ ಹಾಕಬೇಕು: ಹೋದವನು ಬರುವ ತನಕ, ಬರದಿದ್ದರೆ ಒಂದು ವರ್ಷ, ನನ್ನ ಪಾಸ್‌ಪೋರ್ಟ್ ಬೀರುವಿನಲ್ಲೇ ಇರಲಿ, ಅಂತ. ಶೀನಪ್ಪ ಕ್ಯಾಮಿಲಸರ ಎದುರು ನಿಂತ.

"ಪೊರ್ಬುಲೆ, ಒಂದು ತಿಂಗಳು. ಮಾರ್ಚಿಗೆ ಬಂದೇ ಬರ್ತೇನೆ."

ಇವರು ಕ್ಯಾಥೊಲಿಕ್, ತುಳುವರ ಬಾಯಲ್ಲಿ ಪೊರ್ಬು; ಅವನು ತುಳುವ. ಊರಿನಲ್ಲಿ ಇಬ್ಬರ ಮನೆಗೂ ಒಂದೇ ಬಸ್ ಸ್ಟಾಪು. ಇನ್ನೇನು ಬೇಕು? ಓದಿ ನೋಡದೆ ಸಹಿ ಹಾಕಿದರು.

ಶೀನಪ್ಪ ಮಾರ್ಚಿಗೆ ಬರಲಿಲ್ಲ, ಏಪ್ರಿಲಿಗೂ ಬರಲಿಲ್ಲ. ಊರಿನಲ್ಲೇ ರಿಕ್ಷಾ ಇಟ್ಟುಕೊಂಡನಂತೆ, ಇನ್ನು ಗಲ್ಫಿನ ಕಡೆ ತಲೆ ಹಾಕುವುದಿಲ್ಲವಂತೆ, ಎಂದು ಯಾರಿಂದಲೋ ಸುದ್ದಿ ಬಂತು. ಮೊರಾಕ್ಕೊ ವೀಸಾಕ್ಕೆ ಪಾಸ್‌ಪೋರ್ಟ್ ಕೊಡಿ ಎಂದು ಕ್ಯಾಮಿಲಸ್ ಕೇಳಿದಾಗ ಮ್ಯಾನೇಜರ್ ಆ ಕಾಗದ ತೆಗೆದು ತೋರಿಸಿದ.

"ಖಲಾಸ್. ಒಂದು ವರ್ಷ ಇದು ಹೊರಗೆ ಬರಲ್ಲ. ಇಲ್ಲಾ, ನಿನ್ನ ಜಾಗಕ್ಕೆ ಇನ್ನೊಬ್ಬರು ಸಹಿ ಹಾಕಲಿ."

ಇನ್ನೊಬ್ಬರು ಅಂದರೆ ನಾನು. ಉಳಿದವರೆಲ್ಲ ಆಗಲೇ ಯಾರಿಗೋ ಒಬ್ಬರಿಗೆ ಜಾಮೀನಾಗಿದ್ದರು.

ಅವರು ನನ್ನ ಮೇಜಿನ ಹತ್ತಿರ ಬಂದು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದರು. "ಕೋಕಿಲಾ ಮೇಡಂ, ನಿಮ್ಗೆ ಕಷ್ಟ ಆಗ್ತದೆ ಅಂತಾದ್ರೆ ಬೇಡ. ಬರೀ ಎಂಟು ದಿವ್ಸ. ನಾನು ಬಂದ ಕೂಡ್ಲೆ ಪುನಃ ನನ್ನ ಸಹಿ ಹಾಕ್ತೇನೆ."

ಜೂನಿನಲ್ಲಿ ಮೈಸೂರಲ್ಲಿ ನನ್ನ ತಂಗಿ ಬಿಂದುವಿನ ಮದುವೆ ಇತ್ತು. ಇವರೂ ಶೀನಪ್ಪನ ಹಾಗೆ ಮಾಡಿಬಿಟ್ಟರೆ? ಹಾಗೆ ಮಾಡುವ ಜನ ಅವರಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ, "ನಮ್ಮ ಯಜಮಾನ್ರನ್ನ ಒಂದ್ಮಾತು ಕೇಳಿ ಹೇಳ್ತೀನಿ," ಎಂದೆ.

ಕೇಳಲೇ ಇಲ್ಲ. ಕೇಳಿದ್ದರೆ ನಮ್ಮ ಚಾಮರಾಜ "ಹಾಕೇ, ಪಾಪ," ಅಂದುಬಿಡುತ್ತಿದ್ದರು. ಅದಕ್ಕೇ ಕೇಳಲಿಲ್ಲ. ದಿನಾ ಬೆಳಿಗ್ಗೆ ಕ್ಯಾಮಿಲಸ್ ನನ್ನ ಮುಖ ನೋಡುತ್ತಿದ್ದರು, ನಾನು ಕಂಪ್ಯೂಟರ್ ನೋಡುತ್ತಿದ್ದೆ. ಐದನೇ ದಿನದಿಂದ ಅವರೂ ನೋಡುವುದನ್ನು ಬಿಟ್ಟರು. ನನ್ನನ್ನು ನಾನು ಹೇಡಿ ಎಂದು ಬೈದುಕೊಂಡಷ್ಟು ಇನ್ಯಾರೂ ಬೈಯಲಾರರು. ಆದರೆ ಬೈದುಕೊಂಡರೆ ಬೀರು ತೆರೆಯುವುದಿಲ್ಲ.

ಹತ್ತು ಜನ ಹೋದರು. ಅವರಿಗೆ ಯಾವ ದಿನ ಯಾವ ಹಳ್ಳಿ ಎಂದು ಅಂದವಾಗಿ ಬರೆದುಕೊಟ್ಟದ್ದು ಕ್ಯಾಮಿಲಸ್ಸೇ. ಆ ಆರು ದಿನವೂ ಬೆಳಿಗ್ಗೆ ಬಂದವರೇ ಗಡಿಯಾರ ನೋಡಿ, "ಈಗ ಹೊರಟಿರ್ತಾರೆ," ಅನ್ನುತ್ತಿದ್ದರು. ನಾಲ್ಕನೇ ದಿನ ಮಾತ್ರ ಏನೂ ಅನ್ನಲಿಲ್ಲ. ಅವತ್ತು ಗುಂಪು ಲಹ್ಸೆನ್ ಮನೆಯಲ್ಲಿ ಉಳಿಯುವ ದಿನ.

ಬಿಂದುವಿನ ಮದುವೆ ಮುಂದಕ್ಕೆ ಹೋಯಿತು. ಆ ಬೇಸಿಗೆಯಿಡೀ ನನ್ನ ಪಾಸ್‌ಪೋರ್ಟ್ ಅವರ ಪಾಸ್‌ಪೋರ್ಟಿನ ಪಕ್ಕದಲ್ಲೇ, ಅದೇ ಬೀರುವಿನಲ್ಲಿ ಸುಮ್ಮನೆ ಬಿದ್ದಿತ್ತು.

ಗುಂಪಿನಲ್ಲಿದ್ದ ನರ್ಸ್ ಸ್ವೀಡಲ್ ವಾಪಸು ಬಂದಾಗ ಒಂದು ಬಟ್ಟೆಯ ಗಂಟು ತಂದಳು. ಲಹ್ಸೆನ್ ಕಳಿಸಿದ ಅಕ್ರೋಟು. "ಅಂಕಲ್, ಅವ್ರು ನಿಮ್ಗೇಂತ ಕಿಟಕಿ ಹತ್ರ ಹಾಸಿಗೆ ಹಾಸಿ ಇಟ್ಟಿದ್ರು. ನೀವು ಬರ್ಲಿಲ್ಲ ಅಂದ್ರೆ ನಂಬ್ಲೇ ಇಲ್ಲ. ಹಿಂದೆ ನಡ್ಕೊಂಡು ಬರ್ತಿರ್ಬೇಕು ಅಂತ ಕತ್ತಲಾಗುವ ತನಕ ದಾರಿ ನೋಡಿದ್ರು."

ಕ್ಯಾಮಿಲಸ್ ತಲೆ ಆಡಿಸಿದರು. ಪೇಪರ್‌ವೆಯ್ಟಿನಿಂದ ಅಕ್ರೋಟು ಒಡೆದು ಎಲ್ಲರಿಗೂ ಹಂಚಿದರು. ನನಗೆ ಎರಡು ಹಿಡಿ. ಬೇಡ ಎನ್ನುವ ಮುಖವೂ ನನಗಿರಲಿಲ್ಲ.

ಆ ವರ್ಷ ಅವರಿಗೆ ಊರಿಗೂ, ಹೆಂಡತಿ ಮಾರ್ಟಿನಾ ಹತ್ತಿರಕ್ಕೂ ಹೋಗಲಾಗಲಿಲ್ಲ. ಹತ್ತು ಜನರ ಗುಂಪು ಮತ್ತೆಂದೂ ಕೂಡಲಿಲ್ಲ. ಲಹ್ಸೆನ್‌ಗೆ ಹೋಗುವ ಫ್ಯಾಕ್ಸ್ ಒಂದೇ ಸಾಲಿಗೆ ಇಳಿಯಿತು. ಮ್ಯಾನೇಜರನಿಗೆ ಖುಷಿ.

ಮರುವರ್ಷ ಮಾರ್ಚಿನಲ್ಲಿ ಉಡುಪಿ ಕಡೆಯ ಗಂಡ ಹೆಂಡತಿ ಬಂದು ಕ್ಯಾಮಿಲಸರ ಎದುರು ಕೂತರು. ಬೆಟ್ಟ, ಹಳ್ಳಿ, ದಾರಿ, ಎಲ್ಲ ಕೇಳಿದ ಮೇಲೆ ಆ ಹೆಂಗಸು, "ನೀವು ಹೋಗಿದ್ದೀರಾ?" ಎಂದಳು.

ನಾನು ಟೈಪ್ ಮಾಡುವುದನ್ನು ನಿಲ್ಲಿಸಿದೆ.

"ಹೋಗಿದ್ದೇನೆ," ಎಂದರು ಕ್ಯಾಮಿಲಸ್. "ಆರು ದಿವ್ಸ. ಇಳಿಯುವಾಗ ಮಂಡಿ ಸ್ವಲ್ಪ ನೋಯ್ತದೆ, ಅಷ್ಟೆ."