ಕಾಲಿನ ಗಂಟು, ತಂಗಿಯ ಕಣ್ಣು

ಹೋಳಿ ಮುಗಿದು ಬಿಸಿಲು ಏರತೊಡಗಿತ್ತು. ಇಚಲಕರಂಜಿಯ ಪವರ್‌ಲೂಮ್ ಶೆಡ್ಡಿನಲ್ಲಿ ಬಟ್ಟೆಯ ಸುರುಳಿ ಬಿಚ್ಚಿ ನೇಯ್ಗೆಯಲ್ಲಿ ತಪ್ಪಿದ ಎಳೆ ಹುಡುಕುವುದು ನನ್ನ ಕೆಲಸ. ಒಂದು ಬೆಳಿಗ್ಗೆ ಎದ್ದು ನಿಲ್ಲಲಾಗಲಿಲ್ಲ. ಎರಡೂ ಮೊಣಕಾಲ ಕೆಳಗೆ ಕೆಂಪು ಗಂಟುಗಳು. ಮುಟ್ಟಿದರೆ ಜೀವ ಹೋಗುವಂಥ ನೋವು. ಒಣಕೆಮ್ಮು ಮೊದಲೇ ಇತ್ತು, ಹತ್ತಿಯ ಧೂಳಿಗೆ ಬಂದದ್ದೆಂದು ಸುಮ್ಮನಿದ್ದೆ.

ಊರಿನ ಡಾಕ್ಟರು ಎದೆಯ ಎಕ್ಸ್‌ರೇ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎರಡೂ ಶ್ವಾಸಕೋಶಗಳಿಗೆ ಉಸಿರುನಾಳ ಸೇರುವಲ್ಲಿ ಗ್ರಂಥಿಗಳು ಊದಿದ್ದವು.

"ಟಿಬಿ ಇರಬಹುದು. ಬ್ಯಾರೆ ಏನರೆ ಇದ್ದರೂ ಇರಬಹುದು. ಕೊಲ್ಹಾಪುರಕ್ಕ ಹೋಗಿ ಅದರದೊಂದು ತುಣುಕು ತಗಸಿ ಟೆಸ್ಟ್ ಮಾಡಸ್ರಿ."

ಬೇರೆ ಏನೆಂದು ಕೇಳುವ ಧೈರ್ಯ ನನಗಾಗಲಿಲ್ಲ. ಸಂಜೆ ಅತ್ತೆ ನನ್ನ ತಾಟು, ಲೋಟ ಬೇರೆ ಇಟ್ಟರು. ಮಗಳು ಹತ್ತಿರ ಬಂದರೆ ನಾನೇ ಸೆರಗು ಅಡ್ಡ ಹಿಡಿದು ಸರಿಯುತ್ತಿದ್ದೆ.

ಗಂಡನೊಂದಿಗೆ ಕೊಲ್ಹಾಪುರಕ್ಕೆ ಹೋದೆ. ಅಲ್ಲಿ ಮೂಗಿನಿಂದ ನಳಿಕೆ ಇಳಿಸಿ ತುಣುಕು ತೆಗೆದರು. ವಾರದ ಮೇಲೆ ವರದಿ ಬಂತು. ಎದೆರೋಗದ ಡಾಕ್ಟರು ಮೊದಲು ಮರಾಠಿಯಲ್ಲಿ "ಘಾಬರೂ ನಕಾ", ಹೆದರಬೇಡಿ, ಎಂದರು. ನನ್ನ ಮಾತಿನ ಧಾಟಿ ಕೇಳಿ ಕನ್ನಡಕ್ಕೆ ಹೊರಳಿದರು. "ಟಿಬಿ ಅಲ್ಲ, ಕ್ಯಾನ್ಸರ್ ಅಲ್ಲ. ಇದಕ್ಕ ಸಾರ್ಕಾಯ್ಡೋಸಿಸ್ ಅಂತಾರ. ಒಬ್ಬರಿಂದ ಒಬ್ಬರಿಗೆ ಅಂಟೂದಿಲ್ಲ."

"ನಮ್ಮ ಕಡೆ ಯಾರಿಗೂ ಬಂದಿದ್ದು ಕೇಳಿಲ್ರಿ. ನನಗ್ಯಾಕ?"

"ಬಂದಿರತೈತಿ, ಗೊತ್ತಾಗಿರೂದಿಲ್ಲ. ಯುರೋಪಿನ ಉತ್ತರದ ಥಂಡಿ ದೇಶದಾಗ ಭಾಳ. ಅಮೆರಿಕಾದ ಕಪ್ಪು ಜನರೊಳಗೂ ಭಾಳ. ನಮ್ಮಲ್ಲೆ ಕಡಿಮಿ ಅಂತ ಓದಿದ್ವಿ. ಖರೇ ಅಂದ್ರ ಇಲ್ಲಿ ಟಿಬಿನ ಅಷ್ಟು ಐತಿ, ಇದನ್ನೂ ಟಿಬಿ ಅಂತನ ತಿಳೀತಿದ್ವಿ. ಈಗ ತುಣುಕು ತಗದು ನೋಡಾಕತ್ತೇವಿ, ಇಂಥ ಕೇಸ ಸಿಗಾಕತ್ತಾವು."

ಕಾಲಿನ ಗಂಟುಗಳೊಂದಿಗೆ ಬರುವ ಬಗೆ ಚಳಿ ಮುಗಿದು ಬಿಸಿಲು ಬರುವ ಹೊತ್ತಿಗೆ ಹೆಚ್ಚು ಕಾಣುತ್ತದೆಂದು ಹಲವು ದೇಶಗಳಲ್ಲಿ ಗಮನಿಸಿದ್ದಾರಂತೆ. ಯಾಕೆಂದು ಯಾರಿಗೂ ಖಚಿತವಿಲ್ಲ. ಹೆಚ್ಚಿನವರಿಗೆ ತಾನಾಗಿಯೇ ಇಳಿಯುತ್ತದಂತೆ. ನಾನು ಉಸಿರು ಬಿಡುವಷ್ಟರಲ್ಲಿ ಅವರು ಕೇಳಿದರು: "ಮನ್ಯಾಗ ಯಾರಿಗರೆ ಕೆಮ್ಮು, ಕಣ್ಣು ಕೆಂಪಾಗೂದು ಐತೇನ್ರಿ? ಒಮ್ಮೊಮ್ಮೆ ಒಡಹುಟ್ಟಿದವರಿಗೂ ಬರತೈತಿ."

ಗಡಹಿಂಗ್ಲಜದಲ್ಲಿರುವ ತಂಗಿ, ಒಂದು ಕಣ್ಣು ಕೆಂಪಾಗಿ ನೀರು ಸೋರುತ್ತದೆಂದು ದೀಪಾವಳಿಯಿಂದ ಫೋನಿನಲ್ಲಿ ಹೇಳುತ್ತಲೇ ಇದ್ದಳು. ನಾನೂ ಗಂಡನೂ ಮನೆಗೆ ಹೋಗದೆ ಅಲ್ಲಿಂದಲೇ ಕಾಗಲ ಮಾರ್ಗವಾಗಿ ಗಡಹಿಂಗ್ಲಜಕ್ಕೆ ಹೋಗುವ ಬಸ್ಸು ಹತ್ತಿದೆವು.

"ಧೂಳಿಗೆ ಆಗೈತಿ ಅಕ್ಕಾ, ಗುಲಾಬನೀರು ಹಾಕಾಕತ್ತೇನಿ" ಎಂದಳು ತಂಗಿ. ಅವಳ ಒಳ್ಳೆಯ ಕಣ್ಣನ್ನು ಅಂಗೈಯಿಂದ ಮುಚ್ಚಿ, ಗೋಡೆಯ ಕ್ಯಾಲೆಂಡರ್ ಓದೆಂದೆ. ಅವಳು ನನ್ನ ಕೈ ಬಿಗಿಯಾಗಿ ಹಿಡಿದುಕೊಂಡು, "ಎಲ್ಲಾ ಮಬ್ಬ ಕಾಣತೈತಿ" ಎಂದಳು.

ಮರುದಿನವೇ ಕೊಲ್ಹಾಪುರಕ್ಕೆ ಕರೆದೊಯ್ದೆವು. ಅವಳಿಗೂ ಅದೇ ರೋಗ, ಕಣ್ಣಿನೊಳಗೆ ಉರಿಯೂತ. ಹನಿ, ಸ್ಟೆರಾಯ್ಡ್ ಗುಳಿಗೆ, ತಿಂಗಳುಗಟ್ಟಲೆ ಓಡಾಟ. ನನ್ನ ಗಂಟುಗಳು ಮಳೆ ಶುರುವಾಗುವ ಹೊತ್ತಿಗೆ ಕರಗಿದವು. ಅವಳ ಕಣ್ಣು ಬಹುಮಟ್ಟಿಗೆ ತಿಳಿಯಾಗಿದೆ, ಅಂಚಿನಲ್ಲಿ ಮಸುಕು ಉಳಿದಿದೆ.

ಮೊನ್ನೆ ಕೇಳಿದಳು: "ನಮ್ಮ ಮಕ್ಕಳಿಗೂ ಬರತೈತೇನ ಅಕ್ಕಾ?"

ಹಾಗಾಗುವುದು ಅಪರೂಪವೆಂದು ಡಾಕ್ಟರು ಹೇಳಿದ್ದನ್ನೇ ಹೇಳಿದೆ. ಆದರೆ ಮಗಳು ಕಣ್ಣುಜ್ಜಿಕೊಂಡರೆ ಸಾಕು, ಈಗಲೂ ನನ್ನ ಕೈಯ ಕೆಲಸ ನಿಂತುಬಿಡುತ್ತದೆ.