ಜಯಾ ಮಿಸ್ ಮಾತು ಕಮ್ಮಿಯಾದದ್ದು

ಎರಡು ವರ್ಷದ ಹಿಂದೆ, ಶಾಲೆಗಳು ತೆರೆದ ಹೊಸತರಲ್ಲಿ, ಹುಣಸೂರಿನಲ್ಲಿ ಶಿಕ್ಷಕರಿಗೆ ಒಂದು ದಿನದ ತರಬೇತಿ ಇತ್ತು. ನಾನು ಹಾರನಹಳ್ಳಿ ಹತ್ತಿರದ ಪ್ರಾಥಮಿಕ ಶಾಲೆಯೊಂದರ ಮುಖ್ಯಶಿಕ್ಷಕಿ. ನನ್ನ ಜೊತೆ ನಮ್ಮ ಶಾಲೆಯ ಜಯಾ ಮಿಸ್ ಬಂದಿದ್ದರು. ಹೆಸರು ಬದಲಿಸಿದ್ದೇನೆ, ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ತರಬೇತಿಯ ವಿಷಯ ವ್ಯಕ್ತಿತ್ವದ ಬಗೆಗಳು. ಹೊಸಬರ ಜೊತೆ ಸಲೀಸಾಗಿ ಮಾತಾಡುತ್ತೀರಾ, ಗುಂಪಿನಲ್ಲಿರುವುದು ಇಷ್ಟವೇ ಎಂಬಂಥ ಪ್ರಶ್ನೆಗಳ ಹಾಳೆ ಕೊಟ್ಟು ನಮ್ಮಿಂದಲೇ ತುಂಬಿಸಿದರು. ನಾನು ಪಕ್ಕಾ ಬಹಿರ್ಮುಖಿ ಎಂದು ಬಂತು, ಜಯಾ ಮಿಸ್ ಅಂತರ್ಮುಖಿ. ಇದರಲ್ಲಿ ಮೇಲು ಕೀಳು ಇಲ್ಲ ಎಂದು ತರಬೇತುದಾರರು ಹೇಳಿದರು. ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಸಂಜೆ ಪಿರಿಯಾಪಟ್ಟಣದ ಬಸ್ಸಿನಲ್ಲಿ ಕೂತದ್ದೇ ಉಪದೇಶ ಶುರು ಮಾಡಿದೆ.

"ನೀವು ಸ್ವಲ್ಪ ಬದಲಾಗ್ಬೇಕು ಜಯಾ ಮಿಸ್. ಮೀಟಿಂಗಲ್ಲಿ ಒಂದು ಮಾತೂ ಆಡಲ್ಲ. ನಿಮಗೇ ಇಷ್ಟು ಅಂಜಿಕೆ ಇದ್ರೆ ಮಕ್ಕಳಿಗೆ ಧೈರ್ಯ ಹೆಂಗೆ ಕಲಿಸ್ತೀರಿ?"

ಅವರು ಕಿಟಕಿಯಾಚೆ ನೋಡುತ್ತಾ, "ಹೂಂ ಮೇಡಂ" ಎಂದರು.

ಅರ್ಧ ದಾರಿ ಬಂದಿರಬಹುದು. ನಮ್ಮ ಮುಂದೆ ನಿಂತಿದ್ದ, ಪಂಚೆ ಉಟ್ಟ ಮಧ್ಯವಯಸ್ಸಿನವರೊಬ್ಬರು ದಬ್ಬನೆ ಬಿದ್ದರು. ಕೈಕಾಲು ಸೆಟೆದು ಅದುರತೊಡಗಿದವು.

"ಫಿಟ್ಸು ಕಣ್ರಲಾ! ಕೈಗೆ ಕಬ್ಬಿಣ ಕೊಡಿ!" ಎಂದು ಹಿಂದಿನಿಂದ ಯಾರೋ ಕೂಗಿದರು.

ಎಲ್ಲರಿಗಿಂತ ಮುಂದೆ ನುಗ್ಗಿದವಳು ನಾನೇ. ಬೀಗದ ಕೈ ಗೊಂಚಲನ್ನು ಅವರ ಮುಷ್ಟಿಗೆ ತುರುಕಿದೆ. ಹಲ್ಲು ಕಚ್ಚಿಕೊಂಡಿದ್ದರಿಂದ ಊಟದ ಡಬ್ಬಿಯ ಚಮಚ ತೆಗೆದು ಬಾಯಿಗೆ ಹಾಕಲು ಹೋದೆ. ಅಷ್ಟರಲ್ಲಿ ಜಯಾ ಮಿಸ್ ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿದರು. ಹಿಡಿತ ನೋವಾಗುವಷ್ಟು ಬಿಗಿಯಾಗಿತ್ತು.

"ಬುಡಿ ಮೇಡಂ. ಬಾಯಿಗೆ ಏನೂ ಹಾಕ್ಬ್ಯಾಡಿ. ಹಲ್ಲು ಮುರೀತದೆ, ಉಸ್ರು ಕಟ್ತದೆ."

ಗೊಂಚಲನ್ನೂ ತೆಗೆದು ಪಕ್ಕಕ್ಕಿಟ್ಟರು. ತಮ್ಮ ಬ್ಯಾಗನ್ನು ಆತನ ತಲೆಯಡಿಗೆ ಕೊಟ್ಟು, ಕೊರಳ ಗುಂಡಿ ಬಿಚ್ಚಿ, ಮೆಲ್ಲಗೆ ಮಗ್ಗುಲಿಗೆ ತಿರುಗಿಸಿ, ಗಡಿಯಾರ ನೋಡುತ್ತಾ ಬಸ್ಸಿನ ನೆಲದಲ್ಲೇ ಕೂತರು. "ಐದು ನಿಮಿಷ ದಾಟಿದ್ರೆ ಸೀದಾ ಆಸ್ಪತ್ರೆಗೆ ಓಡಿಸಿ" ಎಂದು ಕಂಡಕ್ಟರಿಗೆ ಹೇಳಿದರು. ಎರಡು ಮೂರು ನಿಮಿಷದಲ್ಲಿ ಅದುರುವುದು ನಿಂತಿತು.

ಆತನ ಪಂಚೆ ಒದ್ದೆಯಾಗಿತ್ತು. ಅದು ಬೇರೆಯವರ ಕಣ್ಣಿಗೆ ಬೀಳುವ ಮೊದಲೇ ಜಯಾ ಮಿಸ್ ತಮ್ಮ ಶಾಲು ಹೊದಿಸಿದ್ದರು. ಆಮೇಲೆ ತಲೆಯೆತ್ತಿ, ನಾನು ಎಂದೂ ಕೇಳಿರದ ದನಿಯಲ್ಲಿ ಹೇಳಿದರು:

"ಎಲ್ಲಾರೂ ಆ ಕಡೆ ತಿರುಗ್ಕೊಳಿ. ಅವರ ಮುಖ ನೋಡ್ಬ್ಯಾಡಿ."

ಇಡೀ ಬಸ್ಸು ಕಿಟಕಿಗಳ ಕಡೆ ತಿರುಗಿತು. ನಾನೂ ತಿರುಗಿದೆ. ಬೆನ್ನ ಹಿಂದೆ ಅವರ ಪಿಸುಮಾತು ಕೇಳುತ್ತಿತ್ತು. "ಏನೂ ಆಗಿಲ್ಲ ಕಣಣ್ಣ. ಬಸ್ಸಲ್ಲೇ ಇದ್ದೀರಿ. ಹಂಗೇ ಮಲಗಿರಿ."

ಪಿರಿಯಾಪಟ್ಟಣದಲ್ಲಿ, ಕಂಡಕ್ಟರು ಫೋನ್ ಮಾಡಿ ಕರೆಸಿದ್ದ ಆತನ ಮನೆಯವರು ಬಂದು ಆಸ್ಪತ್ರೆಗೆ ಕರೆದೊಯ್ದರು. ನಿಲ್ದಾಣದ ಬೆಂಚಿನ ಮೇಲೆ ಕೂತು ಕೇಳಿದೆ, "ಇದೆಲ್ಲ ನಿಮಗೆ ಹೆಂಗೆ ಗೊತ್ತು?"

ಅವರು ಹೇಳಿದರು. "ನಂಗೂ ಬತ್ತಿತ್ತು ಮೇಡಂ. ಈಗ ಮಾತ್ರೆಯಲ್ಲಿ ನಿಂತದೆ. ಚಿಕ್ಕವಳಿದ್ದಾಗ ನಾನು ಬಾಯಿಬಡುಕಿ ಕಣ್ರೀ, ಕ್ಲಾಸಲ್ಲಿ ನನ್ನದೇ ಗಲಾಟೆ. ಒಂದಿನ ಪ್ರಾರ್ಥನೆ ಹೊತ್ತಲ್ಲಿ ಬಿದ್ದೆ. ಕಣ್ಣು ಬಿಟ್ಟಾಗ ಇಡೀ ಸ್ಕೂಲು ಸುತ್ತ ನಿಂತು ನನ್ನನ್ನೇ ನೋಡ್ತಿತ್ತು. ಆಮೇಲೆ ಯಾರ ಮುಂದೂ ಬಾಯಿ ಬರ್ಲಿಲ್ಲ."

ಮೂರು ವರ್ಷ ಒಟ್ಟಿಗೆ ಕೆಲಸ ಮಾಡಿದ್ದೆವು. ಒಮ್ಮೆಯೂ ನಾನು ಅವರನ್ನು ಏನನ್ನೂ ಕೇಳಿರಲಿಲ್ಲ, ಬರೀ ಹೇಳಿದ್ದೆ.

ನಾನು ಈಗಲೂ ಮಾತುಗಾರ್ತಿಯೇ. ಆದರೆ ಆಮೇಲಿನ ಮೀಟಿಂಗಿನಲ್ಲಿ "ನೀವೇನಂತೀರಿ ಜಯಾ ಮಿಸ್?" ಎಂದು ಕೇಳಿ, ನಾಲಿಗೆ ಬಿಗಿಹಿಡಿದು ಕಾದೆ. ಮೌನ ಎಷ್ಟು ಉದ್ದವಾಯಿತೆಂದರೆ ಉಳಿದವರು ನನ್ನ ಮುಖ ನೋಡಿದರು. ಕೊನೆಗೆ ಅವರು ಹೇಳಿದರು: "ನಾಕನೇ ಕ್ಲಾಸಲ್ಲಿ ಮಧ್ಯಾಹ್ನದ ಬಿಸಿಲು ಮಕ್ಕಳ ಕಣ್ಣಿಗೇ ಹೊಡೀತದೆ ಮೇಡಂ. ಬೆಂಚು ತಿರುಗಿಸಿ ಹಾಕಾನ."

ಆ ಕೋಣೆಗೆ ನಾನು ದಿನಾ ಹೋಗುತ್ತಿದ್ದೆ, ಆ ಬಿಸಿಲನ್ನು ಒಮ್ಮೆಯೂ ಗಮನಿಸಿರಲಿಲ್ಲ. ಅಂದೇ ಬೆಂಚುಗಳನ್ನು ತಿರುಗಿಸಿ ಹಾಕಿದೆವು.